ಒಂದು ಮಾರು ಜಾಗ ಬಿಡೋಣ



ಜುಲೈ 25ರ ಆಸುಪಾಸಿನ ಭಾನುವಾರ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ವಾಹನಗಳ ಆಶೀರ್ವಾದ ನಡೆಯುತ್ತದೆ. ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಸ್ಮರಣೆಯ ದಿನಗಳು ಅವು. ಬಲಿಪೂಜೆ ಮುಗಿಯುತ್ತಿದ್ದಂತೆ ದೇವಾಲಯದ ಅಂಗಳದಲ್ಲಿ ಕಾರು, ಜೀಪು, ಆಟೋ, ಬೈಕು, ಸ್ಕೂಟರುಗಳು ಸಾಲಾಗಿ ನಿಲ್ಲುತ್ತವೆ. ತೊಳೆದು ಒರೆಸಿ ಹೂಮಾಲೆ ಹಾಕಿದ ಆ ಸಾಲಿನುದ್ದಕ್ಕೂ ಗುರುಗಳು ಪವಿತ್ರ ಜಲ ಪ್ರೋಕ್ಷಿಸುತ್ತಾ ನಡೆಯುತ್ತಾರೆ. ಆದರೆ ಆ ಸಾಲಿನಲ್ಲಿ ಸೈಕಲ್ಲುಗಳು ಎಷ್ಟಿರುತ್ತವೆ? ಹೆಚ್ಚಿನ ಕಡೆ ಅವು ಕಾಂಪೌಂಡ್ ಗೋಡೆಗೋ ಮರಕ್ಕೋ ಒರಗಿ ದೂರದಲ್ಲೇ ಉಳಿಯುತ್ತವೆ. ಸೈಕಲ್ಲಿಗೂ ಆಶೀರ್ವಾದ ಬೇಕೇ ಎಂದು ಅದರ ಒಡೆಯರೇ ಸಂಕೋಚಪಡುತ್ತಾರೆ.

ರಸ್ತೆಗಿಳಿದ ಮೇಲೆ ದೇವರ ರಕ್ಷಣೆಯೂ ಮನುಷ್ಯರ ದಯೆಯೂ ಯಾರಿಗೆ ಹೆಚ್ಚು ಬೇಕು? ಸುತ್ತಲೂ ತಗಡು, ಗಾಜು, ಸೀಟ್ ಬೆಲ್ಟ್ ಇರುವವರಿಗೋ, ಅಥವಾ ಎರಡು ಚಕ್ರದ ಮೇಲೆ ಅಂಗಿ ಮಾತ್ರ ತೊಟ್ಟು ಕೂತವರಿಗೋ? ಉತ್ತರ ಎಲ್ಲರಿಗೂ ಗೊತ್ತು. ಆದರೂ ನಮ್ಮ ರಸ್ತೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ದೊಡ್ಡದು ಬಂದಾಗ ಸಣ್ಣದು ಸರಿಯಬೇಕು, ಹಾರ್ನ್ ಕೇಳಿದ ಕೂಡಲೇ ಸೈಕಲ್ಲಿನವನು ಮಣ್ಣಿಗಿಳಿಯಬೇಕು ಎಂಬುದೇ ಬರೆಯದ ಕಾನೂನಾಗಿದೆ. ಈ ಹಬ್ಬದ ಸಂದರ್ಭದಲ್ಲಿ ನಾವು ಆಲೋಚಿಸಬೇಕಾದ ವಿಷಯ ಇದೇ: ಸೈಕಲ್ ತುಳಿಯುವವರೂ ವಾಹನ ಓಡಿಸುವವರೂ ಒಂದೇ ರಸ್ತೆಯನ್ನು ಗೌರವದಿಂದ ಹಂಚಿಕೊಳ್ಳುವುದು ಹೇಗೆ?

ಸಂತ ಕ್ರಿಸ್ಟೋಫರರ ಹೆಗಲು

ಕ್ರಿಸ್ಟೋಫರ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ 'ಕ್ರಿಸ್ತನನ್ನು ಹೊತ್ತವನು' ಎಂದು ಅರ್ಥ. ಇವರ ಜೀವನದ ಬಗ್ಗೆ ಇತಿಹಾಸದಲ್ಲಿ ಸಿಗುವ ವಿವರ ಬಹಳ ಕಡಿಮೆ. 1969ರಲ್ಲಿ ಧರ್ಮಸಭೆಯ ಪೂಜಾ ಪಂಚಾಂಗವನ್ನು ಪರಿಷ್ಕರಿಸಿದಾಗ ಇವರ ಸ್ಮರಣೆಯನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟು, ಆಚರಣೆಯನ್ನು ಸ್ಥಳೀಯ ಧರ್ಮಸಭೆಗಳಿಗೆ ಬಿಡಲಾಯಿತು. 'ಅವರನ್ನು ಸಂತರ ಪಟ್ಟಿಯಿಂದಲೇ ತೆಗೆದುಬಿಟ್ಟರು' ಎಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ, ಇಂದಿಗೂ ಅವರು ಸಂತರೇ.

ಪರಂಪರೆಯಿಂದ ಬಂದ ಕಥೆ ನಮ್ಮೆಲ್ಲರಿಗೂ ಗೊತ್ತಿದೆ. ಕ್ರಿಸ್ಟೋಫರರು ಎತ್ತರದ ಆಳು, ಭಾರಿ ಬಲಶಾಲಿ. ಲೋಕದಲ್ಲೇ ಅತಿ ಬಲಿಷ್ಠನಾದ ಅರಸನಿಗೆ ಮಾತ್ರ ಸೇವೆ ಮಾಡುವೆನೆಂದು ಹೊರಟವರು. ಕೊನೆಗೆ ಒಬ್ಬ ತಪಸ್ವಿಯ ಮಾತಿನಂತೆ, ಸೇತುವೆ ಇಲ್ಲದ ಹೊಳೆಯ ದಡದಲ್ಲಿ ನಿಂತು ದಾರಿಹೋಕರನ್ನು ಹೆಗಲ ಮೇಲೆ ಹೊತ್ತು ದಾಟಿಸತೊಡಗಿದರು. ಒಂದು ದಿನ ಹೊತ್ತ ಪುಟ್ಟ ಮಗು ಹೊಳೆಯ ನಡುವೆ ಹೊರಲಾರದಷ್ಟು ಭಾರವಾಯಿತು. ಆ ಮಗು ಸ್ವತಃ ಯೇಸುಸ್ವಾಮಿಯೇ ಆಗಿದ್ದರು ಎಂಬುದು ಕಥೆ.

ಈ ಕಥೆಯಲ್ಲಿ ಬಲ ಇರುವುದು ಕ್ರಿಸ್ಟೋಫರರಿಗೆ. ಆದರೆ ಆ ಬಲದ ಪ್ರಯೋಜನ ಪಡೆಯುವವರು ದಾರಿಹೋಕರು. ನೀರಿನ ಸೆಳೆತಕ್ಕೆ ಎದೆಯೊಡ್ಡುವವರು ಬಲಶಾಲಿ. ಅವರ ಹೆಗಲ ಮೇಲೆ ನಿರ್ಭಯವಾಗಿ ದಾಟುವವರು ಬಲಹೀನರು. ಇದನ್ನು ನಮ್ಮ ರಸ್ತೆಗೆ ತಂದು ನೋಡೋಣ. ಕಾರಿನ ಕನ್ನಡಿಗೆ ಸಂತ ಕ್ರಿಸ್ಟೋಫರರ ಪದಕ ತೂಗುಹಾಕಿ, ಸೈಕಲ್ಲಿನ ಹುಡುಗನ ಮೊಣಕೈಗೆ ತಾಗುವಂತೆ ನುಗ್ಗಿ ಹೋದರೆ, ಆ ಪದಕಕ್ಕೆ ಏನು ಅರ್ಥ? ರಸ್ತೆಯಲ್ಲಿ ಯಾರ ಬಲ ಹೆಚ್ಚೋ ಅವರ ಹೊಣೆಯೂ ಹೆಚ್ಚು. ಈ ಲೇಖನದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಸೈಕಲ್ ಮೇಲಿರುವವರು ಯಾರು?

ಸೈಕಲ್ ಎಂದರೆ ಹಳೆಯ ಕಾಲದ ಮಾತು, ಈಗ ಎಲ್ಲರ ಬಳಿ ಬೈಕ್ ಇದೆ ಎಂದು ನಾವು ಭಾವಿಸುತ್ತೇವೆ. ಬೆಳಗಿನ ಜಾವ ಐದು ಗಂಟೆಗೆ ಬೀದಿಗೆ ಬಂದು ನೋಡಿದರೆ ತಿಳಿಯುತ್ತದೆ. ಪತ್ರಿಕೆಯ ಕಟ್ಟು ಹೊತ್ತ ಹುಡುಗ, ಹಾಲಿನ ಕ್ಯಾನು ತೂಗುಹಾಕಿಕೊಂಡವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಕಾವಲುಗಾರ. ಎಂಟು ಗಂಟೆಗೆ ಬುತ್ತಿ ಕಟ್ಟಿಕೊಂಡು ಹೊರಟ ಗಾರೆ ಕೆಲಸದವರು. ಒಂಬತ್ತಕ್ಕೆ ಜಡೆಗೆ ರಿಬ್ಬನ್ ಕಟ್ಟಿ, ಕ್ಯಾರಿಯರಿಗೆ ಚೀಲ ಸಿಕ್ಕಿಸಿ ಗುಂಪಾಗಿ ಸಾಗುವ ಶಾಲಾ ಹುಡುಗಿಯರು. ಮಧ್ಯಾಹ್ನ ಎಳನೀರಿನ ಗೊನೆಗಳನ್ನು ಎರಡೂ ಬದಿಗೆ ಕಟ್ಟಿ, ತುಳಿಯಲಾಗದೆ ತಳ್ಳಿಕೊಂಡೇ ಹೋಗುವ ಹಿರಿಯರು. ಇವರಲ್ಲಿ ಅನೇಕರು ನಮ್ಮದೇ ಧರ್ಮಕೇಂದ್ರದವರು. ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಮೊಣಕಾಲೂರುವವರು.

ಕರ್ನಾಟಕದಲ್ಲಿ ಸೈಕಲ್ಲಿಗೆ ಇನ್ನೊಂದು ವಿಶೇಷ ಸ್ಥಾನವಿದೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಮೊದಲು ಬಡ ಹೆಣ್ಣುಮಕ್ಕಳಿಗೆ, ಅನಂತರ ಗಂಡುಮಕ್ಕಳಿಗೂ ಅದು ವಿಸ್ತರಿಸಿತು. ಏಳನೇ ತರಗತಿ ಮುಗಿದ ಮೇಲೆ 'ಹೈಸ್ಕೂಲು ದೂರ' ಎಂದು ಮನೆಯಲ್ಲೇ ಉಳಿಯಬೇಕಾಗಿದ್ದ ಎಷ್ಟೋ ಹುಡುಗಿಯರು ಆ ಸೈಕಲ್ ಹತ್ತಿ ಶಾಲೆಗೆ ಹೋದರು. 2020ರ ಕೊರೊನಾ ವರ್ಷದಲ್ಲಿ ಆ ವಿತರಣೆ ನಿಂತಿತು. ಆದರೆ ಅಕ್ಕ ತುಳಿದ ಸೈಕಲ್ಲನ್ನು ತಂಗಿ, ತಂಗಿಯದನ್ನು ತಮ್ಮ ತುಳಿಯುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ.

ಪಟ್ಟಣಗಳಲ್ಲಿ ಮತ್ತೊಂದು ಬಗೆಯ ಸವಾರರೂ ಹೆಚ್ಚಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಗೆ ಬರಲೆಂದು ಹೆಲ್ಮೆಟ್ ತೊಟ್ಟು ಬೆಳಿಗ್ಗೆ ಸೈಕಲ್ ಹತ್ತುವವರು ಇವರು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ ಸುಮಾರು 450 ಸೈಕಲ್ಲುಗಳೊಂದಿಗೆ ಸಾರ್ವಜನಿಕ ಬಾಡಿಗೆ ವ್ಯವಸ್ಥೆ ಆರಂಭವಾದಾಗ ಇಡೀ ದೇಶ ಅದರತ್ತ ನೋಡಿತು. ಬಡವರ ವಾಹನವೆಂದು ಮೂಲೆಗೆ ತಳ್ಳಿದ್ದು ಆರೋಗ್ಯಕ್ಕೂ ಪರಿಸರಕ್ಕೂ ಬೇಕಾದದ್ದು ಎಂಬ ಅರಿವು ಮೂಡಿತು.

ಆದರೆ ಇವರ ದಾರಿ ಎಷ್ಟು ಅಪಾಯದ್ದು? ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 4,800ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಅಂದರೆ ಸರಾಸರಿ ದಿನಕ್ಕೆ ಹದಿಮೂರು ಮನೆಗಳಲ್ಲಿ, ಸಂಜೆ ಸೈಕಲ್ ಬೆಲ್ಲಿನ ಸದ್ದಿಗೆ ಕಾದು ಕೂತವರಿಗೆ ಆ ಸದ್ದು ಕೇಳಲೇ ಇಲ್ಲ. ಆ ಮನೆಗಳಲ್ಲಿ ಬಹುಪಾಲು ಒಬ್ಬರೇ ದುಡಿಯುವವರಿರುವ ಮನೆಗಳೆಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ.

ತೂಕದ ಲೆಕ್ಕ, ವೇಗದ ಲೆಕ್ಕ

'ನಾನು ನಿಧಾನವಾಗಿಯೇ ಹೋಗುತ್ತಿದ್ದೆ, ಅವನೇ ಅಡ್ಡ ಬಂದ' ಎಂಬ ಮಾತನ್ನು ಅಪಘಾತವಾದ ಮೇಲೆ ಕೇಳುತ್ತೇವೆ. ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಸೈಕಲ್ಲಿನ ತೂಕ ಸುಮಾರು 20 ಕಿಲೋ. ಸಣ್ಣ ಕಾರಿನದು 800ರಿಂದ 1,000 ಕಿಲೋ. ಜನ ತುಂಬಿದ ಬಸ್ಸು ಸುಮಾರು 15 ಟನ್. ಇವೆಲ್ಲ ಒಂದೇ ರಸ್ತೆಯಲ್ಲಿ, ಒಂದನ್ನೊಂದು ಉಜ್ಜುವಷ್ಟು ಹತ್ತಿರ ಓಡುತ್ತವೆ.

ಇನ್ನು ವೇಗ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ. ಕಣ್ಣಿಗೆ ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅನಂತರ ನಿಲ್ಲಲು, ಒಣಗಿದ ಒಳ್ಳೆಯ ರಸ್ತೆಯಲ್ಲಿ, ಇನ್ನೂ ಐದಾರು ಮೀಟರ್ ಬೇಕು. ಒಟ್ಟು ಹದಿನಾಲ್ಕು ಮೀಟರ್ ಎನ್ನೋಣ. ಅದೇ ಕಾರು 60ರ ವೇಗದಲ್ಲಿದ್ದರೆ? ಯೋಚಿಸುವ ಆ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ಹೋಗಿರುತ್ತದೆ. ನಿಲ್ಲಲು ಇನ್ನೂ ಇಪ್ಪತ್ತು ಮೀಟರಿಗೂ ಹೆಚ್ಚು ಬೇಕು. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರವೂ, ಡಿಕ್ಕಿಯ ಹೊಡೆತದ ಶಕ್ತಿಯೂ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮುಂಗಾರಿನ ಒದ್ದೆ ರಸ್ತೆಯಲ್ಲಿ ಇದು ಇನ್ನೂ ಹೆಚ್ಚು.

ಈ ಕಾರಣಕ್ಕೇ 2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನ, ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೂ ಬೆರೆತು ಸಾಗುವ ಕಡೆ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್ ಇರಬೇಕೆಂದು ಕರೆಕೊಟ್ಟಿತು. ನಮ್ಮ ಶಾಲೆಯ ಮುಂದೆ, ದೇವಾಲಯದ ಮುಂದೆ, ಸಂತೆಯ ಬೀದಿಯಲ್ಲಿ ಈ ಮಿತಿಯನ್ನು ನಾವೇ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ವಾಹನ ಓಡಿಸುವವರಿಗೆ ಕೆಲವು ಮಾತು

ಮೊದಲನೆಯದು, ಸೈಕಲ್ಲನ್ನು ಹಿಂದಿಕ್ಕುವಾಗ ಒಂದು ಮಾರು ಜಾಗ ಬಿಡೋಣ. ಹೂ ಮಾರುವವರು ಎರಡೂ ಕೈ ಚಾಚಿ ಅಳೆದು ಕೊಡುವ ಒಂದು ಮಾರು ಎಲ್ಲರಿಗೂ ಗೊತ್ತಿರುವ ಅಳತೆ. ಜರ್ಮನಿ 2020ರಲ್ಲಿ ತನ್ನ ನಿಯಮದಲ್ಲಿ ಸೈಕಲ್ಲಿಗೆ ಪಟ್ಟಣದೊಳಗೆ ಒಂದೂವರೆ ಮೀಟರ್, ಪಟ್ಟಣದ ಹೊರಗೆ ಎರಡು ಮೀಟರ್ ಅಂತರ ಬಿಡಬೇಕೆಂದು ಬರೆಯಿತು. ಬ್ರಿಟನ್ನಿನ ರಸ್ತೆ ಸಂಹಿತೆಯೂ 2022ರಲ್ಲಿ ಒಂದೂವರೆ ಮೀಟರಿನ ಮಾತನ್ನೇ ಸೇರಿಸಿತು. ಅದು ಹೆಚ್ಚುಕಡಿಮೆ ನಮ್ಮ ಒಂದು ಮಾರೇ.

ಇಷ್ಟು ಜಾಗ ಏಕೆ? ಸೈಕಲ್ ನೇರ ಗೆರೆ ಎಳೆದಂತೆ ಸಾಗುವುದಿಲ್ಲ. ತುಳಿದಾಗಲೆಲ್ಲ ಅದು ಸ್ವಲ್ಪ ಓಲಾಡುತ್ತದೆ. ಏರು ಬಂದರೆ, ಹಿಂದೆ ಹೊರೆ ಇದ್ದರೆ ಇನ್ನೂ ಹೆಚ್ಚು ಓಲಾಡುತ್ತದೆ. ಹೊಂಡ, ಮರಳು, ಮುಚ್ಚಳ ಎದ್ದ ಚರಂಡಿ ಕಂಡರೆ ಸವಾರ ಥಟ್ಟನೆ ಬಲಕ್ಕೆ ಹೊರಳಲೇಬೇಕು. ಕಾರಿಗೆ ಕುಲುಕಾಟ ಮಾತ್ರ ಕೊಡುವ ಹೊಂಡ ಅವರನ್ನು ಉರುಳಿಸಬಲ್ಲದು. ಲಾರಿ ಬಸ್ಸುಗಳು ವೇಗವಾಗಿ ಪಕ್ಕದಲ್ಲೇ ಹಾದಾಗ ಏಳುವ ಗಾಳಿಗೇ ಸೈಕಲ್ ಅಲುಗುತ್ತದೆ. ಎದುರಿನಿಂದ ವಾಹನ ಬರುತ್ತಿದ್ದು ಒಂದು ಮಾರು ಬಿಡಲು ಸಾಧ್ಯವಿಲ್ಲದಿದ್ದರೆ, ಹಿಂದೆಯೇ ನಿಧಾನವಾಗಿ ಸಾಗಿ ಕಾಯುವುದು ಸರಿಯಾದ ಕ್ರಮ. ಕಾಯುವುದರಿಂದ ಹೋಗುವುದು ಹೆಚ್ಚೆಂದರೆ ಅರ್ಧ ನಿಮಿಷ.

ಎರಡನೆಯದು ಹಾರ್ನ್. ಸೈಕಲ್ಲಿನ ಹಿಂದೆಯೇ ಬಂದು ಒಮ್ಮೆಲೇ ಜೋರಾಗಿ ಹಾರ್ನ್ ಒತ್ತಿದರೆ ಬೆದರಿದ ಮಗು ಯಾವ ಕಡೆ ತಿರುಗೀತು ಎಂದು ಹೇಳಲಾಗದು. ಬೇಕೆನಿಸಿದರೆ ದೂರದಿಂದಲೇ ಒಮ್ಮೆ ಮೆಲ್ಲಗೆ ಒತ್ತಿದರೆ ಸಾಕು.

ಮೂರನೆಯದು ಎಡತಿರುವು. ಸೈಕಲ್ಲನ್ನು ದಾಟಿ, ಮರುಕ್ಷಣವೇ ಅದರ ಮುಂದೆ ಎಡಕ್ಕೆ ತಿರುಗುವುದು ನಮ್ಮ ಊರುಗಳಲ್ಲಿ ದಿನವೂ ಕಾಣುವ ಅಪಾಯ. ತಿರುವು ಹತ್ತಿರವಿದ್ದರೆ ಸೈಕಲ್ಲನ್ನು ಮುಂದೆ ಬಿಟ್ಟು ಹಿಂದೆಯೇ ತಿರುಗೋಣ. ಬಸ್ಸು ಲಾರಿ ಓಡಿಸುವವರಿಗೆ ತಮ್ಮ ಎಡಬದಿಯ ಬುಡದಲ್ಲಿರುವ ಸೈಕಲ್ ಕನ್ನಡಿಯಲ್ಲಿ ಕಾಣದೇ ಹೋಗಬಹುದು. ಅವರು ತಿರುಗುವ ಮುನ್ನ ಒಂದು ಕ್ಷಣ ತಡೆದು ನೋಡಲೇಬೇಕು.

ನಾಲ್ಕನೆಯದು ಕಾರಿನ ಬಾಗಿಲು. ನಿಂತ ಕಾರಿನ ಬಾಗಿಲು ಒಮ್ಮೆಲೇ ತೆರೆದಾಗ ಅದಕ್ಕೆ ಬಡಿದು ಬೀಳುವ ಸವಾರರು ಅನೇಕರು. ಇದಕ್ಕೆ ಹಾಲೆಂಡಿನ ಹೆಸರಿನಿಂದ ಪ್ರಸಿದ್ಧವಾದ ಒಂದು ಸುಲಭ ಅಭ್ಯಾಸವಿದೆ. ಬಾಗಿಲಿಗೆ ಹತ್ತಿರವಿರುವ ಕೈಯಿಂದಲ್ಲ, ದೂರದ ಕೈಯಿಂದ ಬಾಗಿಲು ತೆರೆಯುವುದು. ಬಲಬದಿಯಲ್ಲಿ ಕೂತ ಚಾಲಕರು ಎಡಗೈಯಿಂದ ತೆರೆದರೆ ಭುಜ ತಿರುಗುತ್ತದೆ. ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಎಡಬದಿಯಲ್ಲಿ ಕೂತವರು ಬಲಗೈ ಬಳಸಬೇಕು. ಮಕ್ಕಳಿಗೆ ಇದನ್ನು ಒಂದು ವಾರ ಹೇಳಿಕೊಟ್ಟರೆ ಜೀವನಪೂರ್ತಿ ಉಳಿಯುತ್ತದೆ.

ಐದನೆಯದು ರಾತ್ರಿಯ ದೀಪ. ಎದುರಿಗೆ ಸೈಕಲ್ ಬರುತ್ತಿದ್ದರೆ ಹೆಡ್‌ಲೈಟನ್ನು ಡಿಮ್ ಮಾಡೋಣ. 'ಅದು ಸೈಕಲ್ ತಾನೇ' ಎಂದು ಹೈಬೀಮ್ ಹಾಗೇ ಬಿಟ್ಟರೆ, ಆ ಬೆಳಕು ಎದುರಿನವರ ಕಣ್ಣು ಕುಕ್ಕಿ ಅವರನ್ನು ಚರಂಡಿಗೆ ದೂಡಿದಂತೆಯೇ.

ಸೈಕಲ್ ತುಳಿಯುವವರಿಗೆ ಕೆಲವು ಮಾತು

ಗೌರವ ಒಂದೇ ಕಡೆಯಿಂದ ಹರಿಯುವುದಿಲ್ಲ. ವಾಹನದವರು ಜಾಗ ಬಿಡಬೇಕು ಎಂದಾದರೆ, ಸೈಕಲ್ಲಿನವರು ತಾವು ಎಲ್ಲಿದ್ದೇವೆ, ಎಲ್ಲಿಗೆ ತಿರುಗುತ್ತೇವೆ ಎಂಬುದನ್ನು ಇತರರಿಗೆ ತಿಳಿಯುವಂತೆ ಮಾಡಬೇಕು.

ಹಿಂದಿನ ತಲೆಮಾರಿನವರಿಗೆ ನೆನಪಿರಬಹುದು. ಸೈಕಲ್ಲಿಗೆ ಮುನಿಸಿಪಾಲಿಟಿಯ ಬಿಲ್ಲೆ ಬೇಕಿತ್ತು. ಕತ್ತಲಾದ ಮೇಲೆ ಡೈನಮೊ ದೀಪ ಉರಿಯದಿದ್ದರೆ, ಇಬ್ಬರು ಕೂತು 'ಡಬಲ್ ರೈಡ್' ಹೊರಟರೆ ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದರು. ಆ ಭಯ ಈಗಿಲ್ಲ. ಅದರ ಜೊತೆ ದೀಪವೂ ಹೋಯಿತು. ಇಂದು ಎಷ್ಟೋ ಸೈಕಲ್ಲುಗಳು ಕತ್ತಲಲ್ಲಿ ಕತ್ತಲಾಗಿಯೇ ಸಾಗುತ್ತವೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಅಥವಾ ಬೆಳಕು ಬಿದ್ದಾಗ ಹೊಳೆಯುವ ಕೆಂಪು ಪಟ್ಟಿ ಇರಲೇಬೇಕು. ಸೈಕಲ್ ಅಂಗಡಿಯಲ್ಲಿ ಇವು ಒಂದು ಹೊತ್ತಿನ ಊಟದ ಬೆಲೆಗೆ ಸಿಗುತ್ತವೆ. ಸಂಜೆ ಹೊರಡುವಾಗ ತಿಳಿ ಬಣ್ಣದ ಅಂಗಿ ತೊಟ್ಟರೆ ಅದೂ ಒಂದು ದೀಪವೇ.

ಎಡಬದಿಯಲ್ಲೇ ಸಾಗಬೇಕು. 'ಎದುರಿಗೆ ಬರುವ ವಾಹನ ಕಾಣುತ್ತದೆ' ಎಂಬ ನೆಪದಿಂದ, ಅಥವಾ ಸುತ್ತು ಉಳಿಯುತ್ತದೆಂದು, ಬಲಬದಿಯಲ್ಲಿ ಎದುರು ದಿಕ್ಕಿಗೆ ಬರುವುದು ತೀರಾ ಅಪಾಯ. ತಿರುವಿನಿಂದ ಬರುವ ಚಾಲಕರು ಆ ಕಡೆಯಿಂದ ಯಾರನ್ನೂ ನಿರೀಕ್ಷಿಸಿರುವುದಿಲ್ಲ. ತಿರುಗುವ ಮುನ್ನ ಒಮ್ಮೆ ಹಿಂದೆ ನೋಡಿ, ತಿರುಗುವ ದಿಕ್ಕಿಗೆ ಕೈ ಚಾಚಬೇಕು. ಸಿಗ್ನಲ್ಲಿನ ಕೆಂಪು ದೀಪ ಸೈಕಲ್ಲಿಗೂ ಕೆಂಪೇ. ಶಾಲೆ ಬಿಟ್ಟಾಗ ಗೆಳತಿಯರು ಮೂವರು ನಾಲ್ವರು ಸಾಲಾಗಿ ಮಾತಾಡುತ್ತಾ ರಸ್ತೆ ತುಂಬಿ ಸಾಗುವುದು ಚೆಂದವೇ. ಆದರೆ ಹಿಂದೆ ವಾಹನದ ಸದ್ದು ಕೇಳಿದಾಗ ಒಬ್ಬರ ಹಿಂದೆ ಒಬ್ಬರು ಆಗಬೇಕು. ಆ ಸದ್ದು ಕೇಳಬೇಕಾದರೆ ಕಿವಿಯಲ್ಲಿ ಇಯರ್‌ಫೋನ್ ಇರಬಾರದು.

ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಸಾಗುವ ದೃಶ್ಯ ನಮ್ಮಲ್ಲಿ ಸಾಮಾನ್ಯ. ಗಾಳಿಗೆ ಕೊಡೆ ಮಗುಚಿದರೆ ಸವಾರನೂ ಮಗುಚುತ್ತಾನೆ. ಕೊಡೆ ಹಿಡಿದ ಕೈ ಬ್ರೇಕ್ ಹಿಡಿಯಲಾರದು. ಮಕ್ಕಳಿಗೆ ರೇನ್‌ಕೋಟ್ ಕೊಡಿಸೋಣ. ವಾರಕ್ಕೊಮ್ಮೆ ಬ್ರೇಕ್ ಕಟ್ಟೆ ಸವೆದಿದೆಯೇ, ಬೆಲ್ ಕೇಳುತ್ತದೆಯೇ ಎಂದು ಮನೆಯ ಹಿರಿಯರೇ ನೋಡಲಿ. ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯವಿಲ್ಲದಿದ್ದರೂ ತಲೆ ಎಲ್ಲರಿಗೂ ಒಂದೇ.

ಕಾನೂನು ಏನು ಹೇಳುತ್ತದೆ?

ರಸ್ತೆ ಮೋಟಾರು ವಾಹನದವರದು, ಸೈಕಲ್ಲಿನವರು ಅವರ ದಯೆಯಿಂದ ಸಾಗುವವರು ಎಂಬ ಭಾವನೆ ತಪ್ಪು. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರು ಇವರ ಸುರಕ್ಷತೆಗೆ ವಿಶೇಷ ಎಚ್ಚರ ವಹಿಸುವುದು ಚಾಲಕರ ಕರ್ತವ್ಯ. ಸೈಕಲ್ಲಿಗೆಂದು ಮೀಸಲಾದ ಪಥದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಬೆಂಗಳೂರಿನಂಥ ನಗರದಲ್ಲಿ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗವಾಗಿಬಿಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ನಿಂತ ಒಂದೊಂದು ಕಾರೂ ಒಬ್ಬ ಸವಾರನನ್ನು ವೇಗದ ವಾಹನಗಳ ನಡುವೆ ದೂಡುತ್ತದೆ.

ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ದೊರೆಯುವಂತೆ ನೋಡಿಕೊಳ್ಳುವುದು ಮೋಟಾರು ವಾಹನ ಕಾಯಿದೆಯ 134ನೇ ಕಲಮಿನಂತೆ ಆ ವಾಹನದ ಚಾಲಕನ ಹೊಣೆ. ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ನೊಂದ ಕುಟುಂಬಕ್ಕೆ ಪರಿಹಾರವುಂಟು. 2022ರ ಏಪ್ರಿಲ್ 1ರಿಂದ ಇದು ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೆ ಮೊದಲು 25,000 ಮತ್ತು 12,500 ಮಾತ್ರ ಇತ್ತು. ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸಬೇಕು. ವಾಹನ ಯಾವುದೆಂದು ತಿಳಿದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಇದು ಬಡ ಕುಟುಂಬಗಳಿಗೆ ತಿಳಿದಿರುವುದಿಲ್ಲ. ಅಂಥವರಿಗೆ ಅರ್ಜಿ ಬರೆದುಕೊಡುವುದು ನಮ್ಮ ಸಂಘಗಳು ಮಾಡಬಹುದಾದ ದೊಡ್ಡ ಸೇವೆ.

ತಂದೆತಾಯಿಯರಿಗೂ ಒಂದು ಎಚ್ಚರಿಕೆ. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನ ಮಗ ಅಥವಾ ಮಗಳು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಬಹುದು. ಹದಿನಾಲ್ಕು ವರ್ಷದ ಹುಡುಗನ ಕೈಗೆ ಸ್ಕೂಟರಿನ ಕೀ ಕೊಡುವುದು ಪ್ರೀತಿಯಲ್ಲ. ಅವನಿಗೆ ಒಳ್ಳೆಯ ಸೈಕಲ್ ಕೊಡಿಸೋಣ. ಬೆವರು ಸುರಿಸಿ ಏರು ಹತ್ತಿದವನು ಮುಂದೆ ಕಾರು ಹಿಡಿದಾಗ ಸೈಕಲ್ಲಿನವರ ಕಷ್ಟ ಮರೆಯಲಾರ.

ಜೆರಿಕೋವಿನ ದಾರಿಯಲ್ಲಿ

ಧರ್ಮಸಭೆಗೂ ರಸ್ತೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. 2007ರ ಜೂನ್‌ನಲ್ಲಿ, ಜಗದ್ಗುರು ಹದಿನಾರನೇ ಬೆನೆಡಿಕ್ಟರ ಕಾಲದಲ್ಲಿ, ವಲಸಿಗರ ಹಾಗೂ ಸಂಚಾರಿಗಳ ಪಾಲನೆಗಾಗಿ ಅಂದು ಇದ್ದ ವ್ಯಾಟಿಕನ್ ಮಂಡಳಿ ರಸ್ತೆಯ ಬಗ್ಗೆಯೇ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಚಾಲಕರಿಗೆಂದೇ ಹತ್ತು ಆಜ್ಞೆಗಳಿದ್ದವು. ಮೊದಲನೆಯದು ಕೊಲೆ ಮಾಡಬಾರದೆಂಬುದು. ಐದನೆಯದು, ಕಾರನ್ನು ಅಧಿಕಾರ ಹಾಗೂ ದರ್ಪ ತೋರಿಸುವ ಸಾಧನ ಮಾಡಿಕೊಳ್ಳಬಾರದೆಂಬುದು. ಒಂಬತ್ತನೆಯದು, ರಸ್ತೆಯಲ್ಲಿ ಬಲಹೀನರಾದವರನ್ನು ಕಾಪಾಡಬೇಕೆಂಬುದು. ಸಂತ ಕ್ರಿಸ್ಟೋಫರರ ಹೆಗಲು ಹೇಳುವುದೂ ಇದನ್ನೇ.

ಇಟಲಿಯಲ್ಲಿ ಕೊಮೊ ಸರೋವರದ ಮೇಲಿನ ಬೆಟ್ಟದಲ್ಲಿ ಗಿಸಾಲ್ಲೋ ಮಾತೆಯ ಪುಟ್ಟ ದೇವಾಲಯವಿದೆ. ಜಗದ್ಗುರು ಹನ್ನೆರಡನೇ ಪಿಯೂಸರು 1949ರಲ್ಲಿ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಅದರೊಳಗೆ ಗೋಡೆಗಳ ಮೇಲೆ ಸೈಕಲ್ಲುಗಳನ್ನೂ ಪಂದ್ಯದ ಅಂಗಿಗಳನ್ನೂ ತೂಗುಹಾಕಲಾಗಿದೆ. ರಸ್ತೆಯಲ್ಲಿ ಪ್ರಾಣ ಕಳೆದುಕೊಂಡ ಸವಾರರನ್ನೂ ಅಲ್ಲಿ ಪ್ರಾರ್ಥನೆಯಲ್ಲಿ ನೆನೆಯುತ್ತಾರೆ. ಸೈಕಲ್ಲಿಗೂ ದೇವಾಲಯದಲ್ಲಿ ಸ್ಥಾನವುಂಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಶುಭಸಂದೇಶ. ದಯಾವಂತ ಸಮಾರಿಯದವನ ಸಾಮತಿ (ಲೂಕ 10:25-37) ನಡೆಯುವುದು ಮನೆಯಲ್ಲಲ್ಲ, ಪ್ರಾರ್ಥನಾ ಮಂದಿರದಲ್ಲೂ ಅಲ್ಲ, ರಸ್ತೆಯಲ್ಲಿ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಬಿದ್ದಿದ್ದವನನ್ನು ಇಬ್ಬರು ಕಂಡರೂ ಬದಿಗೆ ಸರಿದು ಹೋದರು, ಮೂರನೆಯವನು ನಿಂತ. ನಿಂತದ್ದಷ್ಟೇ ಅಲ್ಲ, ತಾನು ಸವಾರಿ ಮಾಡುತ್ತಿದ್ದ ಪ್ರಾಣಿಯ ಮೇಲೆ ಗಾಯಾಳುವನ್ನು ಕೂರಿಸಿದ. ಅಂದರೆ ತನ್ನ ವಾಹನವನ್ನು ಬಿಟ್ಟುಕೊಟ್ಟು, ತಾನು ಕಾಲ್ನಡಿಗೆಯವನಾದ.

ಈ ಸಾಮತಿಯ ಹೆಸರೇ ಇಂದು ಭಾರತದ ಕಾನೂನಿನಲ್ಲಿದೆ ಎಂಬುದು ನಮಗೆ ಸಂತೋಷದ ಸಂಗತಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆಯಿಂದ ಜನ ದೂರ ನಿಲ್ಲುತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ನೆರವಿನವರನ್ನು ರಕ್ಷಿಸುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿ 134ಎ ಎಂಬ ಕಲಮನ್ನೇ ಸೇರಿಸಿ ಅವರನ್ನು 'ಗುಡ್ ಸಮಾರಿಟನ್' ಎಂದು ಕರೆಯಿತು. ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಆದ್ದರಿಂದ ಸೈಕಲ್ ಸವಾರ ಬಿದ್ದಿರುವುದು ಕಂಡರೆ ನಿಲ್ಲೋಣ. 108ಕ್ಕೋ 112ಕ್ಕೋ ಕರೆ ಮಾಡೋಣ. ನಿಲ್ಲದಿರಲು ಈಗ ನಮ್ಮಲ್ಲಿ ಯಾವ ನೆಪವೂ ಉಳಿದಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

1971ರಲ್ಲಿ ಪುಟ್ಟ ದೇಶವಾದ ನೆದರ್ಲೆಂಡ್ಸ್‌ನಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಲ್ಲಿಯ ತಂದೆತಾಯಿಯರು ಬೀದಿಗಿಳಿದು, ಮಕ್ಕಳ ಈ ಕೊಲೆ ನಿಲ್ಲಲಿ ಎಂದು ಕೂಗಿದರು. ಇಂದು ಲೋಕವೆಲ್ಲ ಮೆಚ್ಚುವ ಆ ದೇಶದ ಸೈಕಲ್ ಪಥಗಳ ಹಿಂದೆ ಆ ಕೂಗಿನ ಪಾಲೂ ಇದೆ. ಸಾಮಾನ್ಯ ಕುಟುಂಬಗಳು ಒಗ್ಗೂಡಿದರೆ ರಸ್ತೆ ಬದಲಾಗುತ್ತದೆ ಎಂಬುದು ಇದರ ಪಾಠ.

ನಮ್ಮ ಕೈಲಾದದ್ದು ಸಣ್ಣದೇ ಇರಬಹುದು. ವಾಹನ ಆಶೀರ್ವಾದದ ದಿನ ಮೊದಲ ಸಾಲನ್ನು ಸೈಕಲ್ಲುಗಳಿಗೆ ಬಿಡಬಹುದು. ಅಂದೇ ಯುವಜನರು ಪ್ರತಿ ಸೈಕಲ್ಲಿಗೂ ಹೊಳೆಯುವ ಕೆಂಪು ಪಟ್ಟಿ ಅಂಟಿಸಿಕೊಡಬಹುದು. ದೇವಾಲಯದ ಅಂಗಳದಲ್ಲಿ ಕಾರಿಗೆ ಗೆರೆ ಎಳೆದಂತೆ ಸೈಕಲ್ಲಿಗೂ ನೆರಳಿನ ಒಂದು ಸ್ಟ್ಯಾಂಡ್ ಕಟ್ಟಬಹುದು. ಧರ್ಮೋಪದೇಶದ ತರಗತಿಯಲ್ಲಿ ಕೈ ಸನ್ನೆ ಹೇಗೆ, ಎಡಬದಿ ಯಾವುದು ಎಂದು ಅರ್ಧ ಗಂಟೆ ಕಲಿಸಬಹುದು. ಬಲಿಪೂಜೆ ಬಿಟ್ಟ ಕೂಡಲೇ ಗೇಟಿನಲ್ಲಿ ನುಗ್ಗಾಡದೆ, ನಡೆಯುವವರೂ ಸೈಕಲ್ಲಿನವರೂ ಮೊದಲು ಹೊರಬರಲಿ ಎಂದು ಕಾರಿನವರು ಎರಡು ನಿಮಿಷ ಕಾಯಬಹುದು. ಶಾಂತಿಯ ಕುರುಹನ್ನು ದೇವಾಲಯದೊಳಗೆ ಹಂಚಿಕೊಂಡವರು ಗೇಟಿನ ಹೊರಗೆ ಅದನ್ನು ಮರೆಯಬಾರದಲ್ಲವೇ?

ನಾಳೆ ಬೆಳಿಗ್ಗೆ ನಮ್ಮಲ್ಲಿ ಕೆಲವರು ಸ್ಟೀರಿಂಗ್ ಹಿಡಿಯುತ್ತೇವೆ, ಕೆಲವರು ಹ್ಯಾಂಡಲ್ ಹಿಡಿಯುತ್ತೇವೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಮುಂದಿರುವ ಸೈಕಲ್ಲಿನಿಂದಾಗಿ ನಮ್ಮ ಕಾರು ನಿಧಾನವಾಗುತ್ತದೆ. ಎದುರಿನಿಂದ ಬಸ್ಸು ಬರುತ್ತಿರುತ್ತದೆ. ಕೈ ಹಾರ್ನಿನ ಕಡೆಗೆ ಹೋಗುತ್ತದೆ. ಆಗ ಆ ಕೈಯನ್ನು ಒಂದು ಕ್ಷಣ ತಡೆಯೋಣ. ಬಸ್ಸು ದಾಟಲಿ, ರಸ್ತೆ ತೆರವಾಗಲಿ. ಆಮೇಲೆ ಬಲಕ್ಕೆ ಸರಿದು, ಒಂದು ಮಾರು ಜಾಗ ಬಿಟ್ಟು ಮೆಲ್ಲಗೆ ಮುಂದೆ ಹೋಗೋಣ. ಆ ಸೈಕಲ್ಲಿನವರು ಯಾರ ಮಗಳೋ, ಯಾರ ತಂದೆಯೋ ಗೊತ್ತಿಲ್ಲ. ಅವರು ಸಂಜೆ ಸುಖವಾಗಿ ಮನೆ ಸೇರಲಿ.